ಸ್ಪರ್ಧೆಗೆ ಕಳುಹಿಸುವ ಚಿತ್ರ: ಕಿರಿದುಗೊಳಿಸುವ ವಿಚಾರ

ಅಕ್ಟೋಬರ್ ತಿಂಗಳ ವನ್ಯಜೀವಿ ಸಪ್ತಾಹ ಸಮೀಪಿಸಿದಂತೆಲ್ಲ ಕಾಲೇಜುಗಳ ಪ್ರಕಟಣಾ ಫಲಕಗಳ ಮೇಲೆ ಛಾಯಾಚಿತ್ರ ಸ್ಪರ್ಧೆಗಳ ಕರೆಗಳು ಕಾಣಿಸಿಕೊಳ್ಳುತ್ತವೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಹೊತ್ತಿಗೆ ಇನ್ನೊಂದು ಸುತ್ತು. ವಿಷಯವೇನು, ಬಹುಮಾನವೆಷ್ಟು, ಕಡೆಯ ದಿನಾಂಕ ಯಾವುದು ಎಂಬುದನ್ನು ವಿದ್ಯಾರ್ಥಿಗಳು ಆಸಕ್ತಿಯಿಂದ ಓದುತ್ತಾರೆ. ಅವುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿರುತ್ತದೆ: ಚಿತ್ರದ ಅಗಲ 1920 ಪಿಕ್ಸೆಲ್, ಎತ್ತರ 1080 ಪಿಕ್ಸೆಲ್ ಮೀರಬಾರದು, ಫೈಲು 2 ಎಂಬಿಗಿಂತ ದೊಡ್ಡದಾಗಿರಬಾರದು, ಜೆಪೆಗ್ ರೂಪದಲ್ಲಿರತಕ್ಕದ್ದು. ಈ ಸಾಲನ್ನು ಮಾತ್ರ ಹೆಚ್ಚಿನವರು ಸರ್ಕಾರಿ ಅರ್ಜಿಯಲ್ಲಿ ಬರುವ ‘ದೃಢೀಕರಿಸಿದ ಪ್ರತಿಗಳನ್ನು ಲಗತ್ತಿಸತಕ್ಕದ್ದು’ ಎಂಬ ಸಾಲಿನಂತೆ ಎಣಿಸಿ, ಕಡೆಯ ದಿನದ ರಾತ್ರಿ ಯಾವುದೋ ಒಂದು ಆ್ಯಪಿಗೆ ಅಥವಾ ಬಲ್ಲವನೆನಿಸಿಕೊಂಡ ಒಬ್ಬ ಗೆಳೆಯನಿಗೆ ಆ ಕೆಲಸವನ್ನು ಒಪ್ಪಿಸಿ ನಿಶ್ಚಿಂತರಾಗುತ್ತಾರೆ. ಚಿತ್ರ ತೆಗೆಯುವುದು ಕಲೆ, ಅದನ್ನು ಕಿರಿದುಗೊಳಿಸುವುದು ಗುಮಾಸ್ತೆಯ ಕೆಲಸ ಎಂಬ ಭಾವನೆ ಎಲ್ಲೆಡೆ ಬೇರೂರಿದೆ.

ನಮ್ಮ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು. ಚಿತ್ರವನ್ನು ಕಿರಿದುಗೊಳಿಸುವುದೂ ಒಂದು ಅಳತೆಯ ಕ್ರಿಯೆ. ಪ್ರಯೋಗಶಾಲೆಯಲ್ಲಿ ಗಾಲ್ವನೊಮೀಟರಿನ ಸೂಚಿಯನ್ನು ಬೇರೆಯವರು ಓದಿ ಹೇಳಲಿ ಎಂದು ಬಿಡುವ ವಿದ್ಯಾರ್ಥಿಯನ್ನು ನಾವು ಮೆಚ್ಚುವುದಿಲ್ಲ. ತಾನು ಹಿಡಿದ ಬೆಳಕನ್ನು ಬೇರೆಯವರು ಹೇಗಾದರೂ ಕೂಡಿ ಕಳೆದು ಕಳುಹಿಸಲಿ ಎಂದು ಬಿಡುವವನನ್ನೂ ಮೆಚ್ಚಲಾಗದು. ಬೆಳಗಿನ ಜಾವದಿಂದ ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ಹಕ್ಕಿಯ ಗರಿಯ ಎಳೆ ಎಳೆಯನ್ನೂ ಹಿಡಿದು ತಂದವನ ಶ್ರಮ ಒಂದು ಗುಂಡಿಯ ಒತ್ತಿನಲ್ಲಿ ಮಣ್ಣುಪಾಲಾಗಬಹುದು. ತೀರ್ಪುಗಾರರು ನೋಡುವುದು ಕಿರಿದಾದ ಚಿತ್ರವನ್ನೇ ಹೊರತು ಮೂಲವನ್ನಲ್ಲ.

ಮೊದಲು ಚಿತ್ರವೆಂದರೇನು ಎಂಬುದನ್ನು ನೋಡೋಣ. ಅಂಕೀಯ ಛಾಯಾಚಿತ್ರವು ಅಡ್ಡಸಾಲು ನೀಟಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ಒಂದು ಕೋಷ್ಟಕ. ಒಂದೊಂದು ಮನೆಯನ್ನೂ ಪಿಕ್ಸೆಲ್ ಎನ್ನುತ್ತೇವೆ. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ಎಂಬವರು ತಮ್ಮ ಎಳೆಯ ಮಗನ ಭಾವಚಿತ್ರವೊಂದನ್ನು ಕಂಪ್ಯೂಟರಿಗೆ ಉಣಿಸಿದಾಗ ಆ ಕೋಷ್ಟಕದಲ್ಲಿ ಇದ್ದದ್ದು 176 ಸಾಲು, 176 ಕಂಬ. ಒಟ್ಟು 30,976 ಮನೆಗಳು. ಇಂದಿನ ಸಾಧಾರಣ ಕ್ಯಾಮರಾದಲ್ಲಿ 6000 ಕಂಬ, 4000 ಸಾಲು. ಎಂದರೆ 2 ಕೋಟಿ 40 ಲಕ್ಷ ಮನೆಗಳು. ಒಂದೊಂದು ಮನೆಗೂ ಕೆಂಪು, ಹಸಿರು, ನೀಲಿಗಳಿಗೆಂದು ಮೂರು ಮೂರು ಸಂಖ್ಯೆಗಳು. (ಈ ಮೂರರಲ್ಲಿ ಕ್ಯಾಮರಾ ನಿಜವಾಗಿ ಅಳೆಯುವುದು ಒಂದನ್ನು ಮಾತ್ರ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರ ಹೆಸರಿನಲ್ಲಿ 1976ರಲ್ಲಿ ಪೇಟೆಂಟಾದ ಬಣ್ಣದ ಸೋಸುಗದಲ್ಲಿ ಅರ್ಧ ಮನೆಗಳು ಹಸಿರನ್ನೂ ಕಾಲುಭಾಗ ಕೆಂಪನ್ನೂ ಉಳಿದ ಕಾಲುಭಾಗ ನೀಲಿಯನ್ನೂ ಅಳೆಯುತ್ತವೆ. ಮಿಕ್ಕೆರಡನ್ನು ನೆರೆಹೊರೆಯ ಮನೆಗಳಿಂದ ಲೆಕ್ಕಹಾಕಿ ತುಂಬಲಾಗುತ್ತದೆ. ‘ಕ್ಯಾಮರಾ ಕಂಡದ್ದನ್ನು ಕಂಡಂತೆ ಹೇಳುತ್ತದೆ’ ಎಂಬ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಉಪಚಾರ ಎಂಬುದನ್ನು ವಾಚಕರೇ ತೂಗಿ ನೋಡಬಹುದು.)

ಈಗ ನಿಯಮದ ಚೌಕಟ್ಟಿಗೆ ಬರೋಣ. 6000×4000 ಪಿಕ್ಸೆಲ್ಲಿನ ಚಿತ್ರ 1920×1080ರ ಚೌಕಟ್ಟಿನೊಳಗೆ ಕೂಡಬೇಕಾದರೆ ಎತ್ತರವೇ ಮೊದಲು ತಡೆಯುತ್ತದೆ. 4000ವನ್ನು 1080ಕ್ಕೆ ಇಳಿಸಬೇಕು; ಅದೇ ಪ್ರಮಾಣದಲ್ಲಿ 6000ವು 1620 ಆಗುತ್ತದೆ. ಚಿತ್ರದ ಸರಿಯಾದ ಅಳತೆ 1620×1080. ಇಲ್ಲಿಯೇ ಅನೇಕರು ಎಡವುತ್ತಾರೆ. ನಿಯಮದಲ್ಲಿ 1920 ಎಂದಿದೆಯಷ್ಟೆ ಎಂದು ಅಗಲವನ್ನು ಎಳೆದು 1920 ಮಾಡಿಬಿಡುತ್ತಾರೆ. ಆಗ ಕೊಕ್ಕರೆ ಬಾತುಕೋಳಿಯ ಮೈ ತಾಳುತ್ತದೆ, ಹುಣ್ಣಿಮೆಯ ಚಂದ್ರ ಕೋಳಿಮೊಟ್ಟೆಯಾಗುತ್ತಾನೆ. ‘ಮೀರಬಾರದು’ ಎಂದರೆ ‘ಅಷ್ಟೇ ಇರಬೇಕು’ ಎಂದರ್ಥವಲ್ಲ. ಉದ್ದಗಲಗಳೆರಡನ್ನೂ 3.7ರಿಂದ ಭಾಗಿಸಿದ್ದೇವೆ, ಹಾಗಾಗಿ ಹೊಸ ಚಿತ್ರದ ಒಂದೊಂದು ಮನೆಗೂ ಹಳೆಯ ಚಿತ್ರದ ಹೆಚ್ಚುಕಡಿಮೆ 13.7 ಮನೆಗಳು ಪಾಲಿಗೆ ಬರುತ್ತವೆ. ಆ ಹದಿಮೂರು ಹದಿನಾಲ್ಕು ಸಂಖ್ಯೆಗಳಿಂದ ಒಂದೇ ಸಂಖ್ಯೆಯನ್ನು ಪಡೆಯುವ ಬಗೆ ಯಾವುದು? ಇಡೀ ವಿಷಯ ಈ ಪ್ರಶ್ನೆಯಲ್ಲಿ ಅಡಗಿದೆ.

ಅತ್ಯಂತ ಸುಲಭವಾದ ಬಗೆಯೆಂದರೆ, ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದವನ್ನು ಎಸೆದುಬಿಡುವುದು. ಕೆಲವು ತಂತ್ರಾಂಶಗಳಲ್ಲಿ ಇದಕ್ಕೆ ‘ಸಮೀಪದ ಪಿಕ್ಸೆಲ್’ ಎಂಬ ಅರ್ಥದ ಹೆಸರಿದೆ. ಇದರಿಂದ ಏನಾಗುವುದೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಇಳಕಲ್ಲಿನ ಸೀರೆಯುಟ್ಟ ಅಜ್ಜಿಯೊಬ್ಬರ ಚಿತ್ರ ತೆಗೆದಿದ್ದೀರಿ ಎಂದಿಟ್ಟುಕೊಳ್ಳಿ. ಸೀರೆಯ ಒಡಲಿನ ಸಣ್ಣ ಗೆರೆಗಳು ಮೂಲಚಿತ್ರದಲ್ಲಿ ನಾಲ್ಕು ಪಿಕ್ಸೆಲ್ಲಿಗೊಮ್ಮೆ ಮರಳಿ ಬರುತ್ತವೆ: ಎರಡು ಪಿಕ್ಸೆಲ್ ಗೆರೆ, ಎರಡು ಪಿಕ್ಸೆಲ್ ಬಯಲು. ಇದನ್ನು 3.7 ಪಿಕ್ಸೆಲ್ಲಿಗೊಂದರಂತೆ ಆರಿಸುತ್ತ ಹೋದರೆ ಮೊದಲನೆಯ ಆಯ್ಕೆ ಗೆರೆಯ ನಡುವೆ ಬಿದ್ದರೆ ಎರಡನೆಯದು ಅದಕ್ಕಿಂತ ತುಸು ಹಿಂದೆ, ಮೂರನೆಯದು ಇನ್ನಷ್ಟು ಹಿಂದೆ, ಹೀಗೆ ಜಾರುತ್ತ ಜಾರುತ್ತ ಹದಿಮೂರು ಹದಿನಾಲ್ಕು ಆಯ್ಕೆಗಳ ಬಳಿಕ ಮತ್ತೆ ಗೆರೆಯ ನಡುವಿಗೆ ಬರುವುದು. ಕಿರಿದಾದ ಚಿತ್ರದಲ್ಲಿ ಸೀರೆಯ ಮೇಲೆ 13.5 ಪಿಕ್ಸೆಲ್ಲಿಗೊಮ್ಮೆ ಮರಳುವ ದೊಡ್ಡ ದೊಡ್ಡ ಪಟ್ಟೆಗಳು ತೋರುತ್ತವೆ. ಅಂಥ ಪಟ್ಟೆಗಳನ್ನು ಆ ಸೀರೆಯನ್ನು ನೆಯ್ದ ನೇಕಾರ ಕನಸಿನಲ್ಲಿಯೂ ಕಂಡಿರಲಿಕ್ಕಿಲ್ಲ. ಬೇಲೂರಿನ ಗುಡಿಯ ಜಾಲಂಧ್ರಗಳು, ಹೆಂಚಿನ ಮಾಡು, ದೂರದ ಅಡಿಕೆ ತೋಟದ ಸಾಲುಗಳು, ಚಿಟ್ಟೆಯ ರೆಕ್ಕೆಯ ಹುರುಪೆಗಳು, ಎಲ್ಲೆಲ್ಲಿ ಸಣ್ಣ ವಿನ್ಯಾಸ ಕ್ರಮವಾಗಿ ಮರಳುವುದೋ ಅಲ್ಲೆಲ್ಲ ಈ ಸುಳ್ಳು ಪಟ್ಟೆಗಳ ಭಯವಿದೆ.

ಸಿನಿಮಾದಲ್ಲಿ ಓಡುವ ಕುದುರೆಗಾಡಿಯ ಚಕ್ರ ಹಿಮ್ಮುಖವಾಗಿ ತಿರುಗುವಂತೆ ಕಾಣುವುದನ್ನು ಎಲ್ಲರೂ ನೋಡಿದ್ದೇವೆ. ಸೆಕೆಂಡಿಗೆ 24 ಚಿತ್ರಗಳು ಮಾತ್ರ ಇರುವುದರಿಂದ, ಒಂದು ಚಿತ್ರದಿಂದ ಇನ್ನೊಂದಕ್ಕೆ ಚಕ್ರದ ಅರಕಾಲು ತನ್ನ ಮುಂದಿನದರ ಸ್ಥಾನಕ್ಕೆ ತುಸು ಹಿಂದೆ ನಿಂತರೆ ಕಣ್ಣು ಅದನ್ನು ಹಿನ್ನಡೆಯೆಂದು ತಿಳಿಯುತ್ತದೆ. ಸೀರೆಯ ಪಟ್ಟೆಯೂ ಚಕ್ರದ ಹಿನ್ನಡೆಯೂ ಒಂದೇ ತಾಯಿಯ ಮಕ್ಕಳು. ಅಲ್ಲಿ ಕಾಲದಲ್ಲಿ ನಡೆದದ್ದು ಇಲ್ಲಿ ಸ್ಥಳದಲ್ಲಿ ನಡೆದಿದೆ. ತಂತಿ ಸಂದೇಶದ ವಿಚಾರವಾಗಿ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಬರೆದುದೂ, ಕ್ಲಾಡ್ ಶಾನನ್ 1949ರಲ್ಲಿ ಗಣಿತದ ಕಟ್ಟುನಿಟ್ಟಿನಿಂದ ನಿರೂಪಿಸಿದುದೂ ಈ ನಿಯಮವನ್ನೇ: ಯಾವ ತರಂಗವನ್ನೇ ಆಗಲಿ ನಿಜವಾಗಿ ಹಿಡಿದಿಡಬೇಕಾದರೆ ಅದರ ಒಂದು ಆವರ್ತಕ್ಕೆ ಎರಡಕ್ಕಿಂತ ಹೆಚ್ಚು ಮಾದರಿಗಳು ಬೇಕು. ನಮ್ಮ ಸೀರೆಯ ಗೆರೆಗಳಿಗೆ ಕಿರಿದಾದ ಚಿತ್ರದಲ್ಲಿ ಒಂದು ಆವರ್ತಕ್ಕೆ ಒಂದಕ್ಕಿಂತ ತುಸುವೇ ಹೆಚ್ಚು ಮಾದರಿ ದೊರೆಯುತ್ತಿದೆ, ಎರಡು ದೊರೆಯುತ್ತಿಲ್ಲ. ಆದುದರಿಂದ ಅವು ಆ ಚಿತ್ರದಲ್ಲಿ ಇರಲು ಸಾಧ್ಯವೇ ಇಲ್ಲ. ನಾವು ಮಾಡಬಹುದಾದದ್ದು ಇಷ್ಟೆ: ಅವು ಸುಳ್ಳುವೇಷ ಹಾಕಿಕೊಂಡು ಬರುವ ಮೊದಲೇ ಮರ್ಯಾದೆಯಾಗಿ ಬೀಳ್ಕೊಡುವುದು. ಮೊದಲು ಚಿತ್ರವನ್ನು ತಕ್ಕಷ್ಟು ಮಸುಕುಗೊಳಿಸಿ, ಎಂದರೆ ಹದಿನಾಲ್ಕು ಮನೆಗಳ ತೂಕದ ಸರಾಸರಿಯನ್ನು ತೆಗೆದು, ಅನಂತರ ಕಿರಿದುಗೊಳಿಸಿದರೆ ಸೀರೆ ಒಂದೇ ಸಮನಾದ ಬಣ್ಣವಾಗಿ ಕಾಣುವುದು. ದೂರದಿಂದ ನೋಡುವವರ ಕಣ್ಣಿಗೆ ಸೀರೆ ಕಾಣುವುದೂ ಹಾಗೆಯೇ. ‘ಬೈಕ್ಯೂಬಿಕ್’, ‘ಲ್ಯಾಂಕ್ಜೋಸ್’ ಮುಂತಾಗಿ ತಂತ್ರಾಂಶದ ಪಟ್ಟಿಯಲ್ಲಿ ಕಾಣುವ ಹೆಸರುಗಳು ಈ ಸರಾಸರಿಯಲ್ಲಿ ಯಾವ ಮನೆಗೆ ಎಷ್ಟು ತೂಕ ಎಂಬುದರ ಬೇರೆ ಬೇರೆ ಸೂತ್ರಗಳು.

ಸರಾಸರಿಯಿಂದ ಲಾಭವೂ ಉಂಟು. ಬೆಳಕು ಫೋಟಾನುಗಳ ಮಳೆಯಾಗಿ ಸೆನ್ಸರಿನ ಮೇಲೆ ಬೀಳುವುದು. ಒಂದು ಮನೆಯಲ್ಲಿ ಸರಾಸರಿ 100 ಫೋಟಾನುಗಳು ಬೀಳುವ ಕಡೆ ಒಮ್ಮೆ 92, ಒಮ್ಮೆ 109 ಬೀಳುವುದು ಸಹಜ. ಈ ಏರಿಳಿತದ ಅಳತೆ ನೂರರ ವರ್ಗಮೂಲ, 10. ಎಂದರೆ ನೂರಕ್ಕೆ ಹತ್ತರಷ್ಟು. ಸಂಜೆಯ ಚಿತ್ರಗಳು ರವೆ ಚೆಲ್ಲಿದಂತೆ ಕಾಳುಕಾಳಾಗಿ ಕಾಣುವುದಕ್ಕೆ ಇದೇ ಮುಖ್ಯ ಕಾರಣ. 13.7 ಮನೆಗಳನ್ನು ಒಂದುಗೂಡಿಸಿದರೆ 1370 ಫೋಟಾನುಗಳಾದವು. ಏರಿಳಿತ 37, ನೂರಕ್ಕೆ ಮೂರಕ್ಕೂ ಕಡಮೆ. ಮೂಲದಲ್ಲಿ ಒರಟಾಗಿದ್ದ ಚಿತ್ರ ಕಿರಿದಾದ ಮೇಲೆ ನುಣುಪಾಗುವುದು ಹೀಗೆ. ಕಾಳು ತೆಗೆಯುವ ತಂತ್ರಾಂಶವನ್ನು ಮೊದಲೇ ಬಲವಾಗಿ ಉಜ್ಜಿ, ಗರಿಯನ್ನೆಲ್ಲ ಮೇಣದಂತೆ ಮಾಡಿಕೊಂಡು, ಆಮೇಲೆ ಕಿರಿದುಗೊಳಿಸುವವರು ತಾನಾಗಿ ಸಿಗಲಿದ್ದ ಲಾಭಕ್ಕೆ ವೃಥಾ ಬೆಲೆ ತೆತ್ತಂತಾಯಿತು.

ಇನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯುಂಟು. ನಾವು ಸರಾಸರಿ, ಸರಾಸರಿ ಎಂದೆವಷ್ಟೆ, ಏತರ ಸರಾಸರಿ? ಫೈಲಿನಲ್ಲಿರುವ ಸಂಖ್ಯೆ ಬೆಳಕಿನ ಮೊತ್ತಕ್ಕೆ ನೇರ ಅನುಪಾತದಲ್ಲಿಲ್ಲ. ನಮ್ಮ ಕಣ್ಣು ಕತ್ತಲೆಯ ಕಡೆಯ ಸಣ್ಣ ವ್ಯತ್ಯಾಸಗಳನ್ನು ಚೆನ್ನಾಗಿ ಗುರುತಿಸುವುದರಿಂದ, 0ಯಿಂದ 255ರ ವರೆಗಿನ ಸಂಖ್ಯೆಗಳಲ್ಲಿ ಹೆಚ್ಚಿನ ಪಾಲನ್ನು ಕತ್ತಲೆಯ ಕಡೆಗೆ ಕೊಟ್ಟಿದೆ. 1996ರಲ್ಲಿ ಸೂಚಿತವಾಗಿ 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ‘ಎಸ್‌ಆರ್‌ಜಿಬಿ’ ಪದ್ಧತಿಯಲ್ಲಿ 255 ಪೂರ್ಣ ಬೆಳಕಾದರೆ 128 ಅರ್ಧ ಬೆಳಕಲ್ಲ, ಕಾಲುಭಾಗಕ್ಕಿಂತಲೂ ಕಡಮೆ, ನೂರಕ್ಕೆ ಸುಮಾರು 22. ಅರ್ಧ ಬೆಳಕಿನ ಸಂಖ್ಯೆ 188. ಆದರೂ ಅನೇಕ ತಂತ್ರಾಂಶಗಳು 0 ಮತ್ತು 255ರ ಸರಾಸರಿಯನ್ನು ಕೇಳಿದರೆ ನಿಶ್ಚಿಂತೆಯಿಂದ 128 ಎನ್ನುತ್ತವೆ. ಅದು ಅಂಕಿಗಳ ಸರಾಸರಿಯಾಯಿತು, ಬೆಳಕಿನ ಸರಾಸರಿಯಾಗಲಿಲ್ಲ.

ಹಗಲಿನ ಸಾಧಾರಣ ದೃಶ್ಯಗಳಲ್ಲಿ ಈ ತಪ್ಪು ಅಷ್ಟಾಗಿ ಕಾಣದು. ಇರುಳಿನ ಆಕಾಶವನ್ನು ತೆಗೆದುಕೊಳ್ಳಿ. ಕಪ್ಪು ಆಕಾಶದಲ್ಲಿ ಒಂದೇ ಪಿಕ್ಸೆಲ್ಲಿನಷ್ಟಿರುವ ಒಂದು ನಕ್ಷತ್ರ, ಅದರ ಸಂಖ್ಯೆ 255. ಅದನ್ನೂ ಅದರ ಸುತ್ತಿನ ಕಪ್ಪು ಮನೆಗಳನ್ನೂ ಸೇರಿಸಿ 13.7 ಮನೆಗಳನ್ನು ಒಂದುಮಾಡಬೇಕು. ಬೆಳಕನ್ನು ಸರಿಯಾಗಿ ಹಂಚಿದರೆ ಹೊಸ ಮನೆಯಲ್ಲಿ ಪೂರ್ಣ ಬೆಳಕಿನ ನೂರಕ್ಕೆ 7.3 ಪಾಲು ಇರಬೇಕು. ಅದರ ಸಂಖ್ಯೆ 76ರ ಆಸುಪಾಸು. ಅಂಕಿಗಳನ್ನೇ ಹಂಚಿದರೆ ಬರುವುದು 19. ಅದು ಸೂಚಿಸುವ ಬೆಳಕು ನೂರಕ್ಕೆ ಒಂದು ಪಾಲೂ ಅಲ್ಲ. ನಕ್ಷತ್ರ ಇರಬೇಕಾದುದಕ್ಕಿಂತ ಹನ್ನೊಂದು ಪಟ್ಟು ಕ್ಷೀಣವಾಯಿತು. ಖಗೋಳಜ್ಞರ ಲೆಕ್ಕದಲ್ಲಿ ಇದು ಎರಡೂವರೆ ಕಾಂತಿಮಾನಕ್ಕೂ ಹೆಚ್ಚಿನ ನಷ್ಟ. ಊರ ದೀಪಗಳಿಂದ ದೂರ ಹೋಗಿ, ಚಳಿಯಲ್ಲಿ ನಡುಗುತ್ತ ಹಿಡಿದು ತಂದ ಸಣ್ಣ ಸಣ್ಣ ಚುಕ್ಕೆಗಳನ್ನು ಮನೆಯ ಮೇಜಿನ ಬಳಿ ಕುಳಿತು ಆರಿಸಿದಂತಾಯಿತು. ಅಲೆಯ ತುದಿಯ ಮಿನುಗು, ಇಬ್ಬನಿಯ ಹೊಳಪು, ಜೇಡರ ಬಲೆಯ ಎಳೆ, ಇವೆಲ್ಲಕ್ಕೂ ಇದೇ ಗತಿ.

ನಿಮ್ಮ ತಂತ್ರಾಂಶ ಎಂಥದು ಎಂಬುದನ್ನು ತಿಳಿಯುವುದು ಕಷ್ಟವಲ್ಲ. ಚದುರಂಗದ ಹಾಸಿನಂತೆ ಒಂದು ಬಿಟ್ಟು ಒಂದು ಪಿಕ್ಸೆಲ್ ಕಪ್ಪು ಬಿಳುಪಾಗಿರುವ ಚಿತ್ರವೊಂದನ್ನು ಮಾಡಿಕೊಳ್ಳಿ. ಅದನ್ನು ಅರ್ಧಕ್ಕೆ ಕಿರಿದುಗೊಳಿಸಿ. ಬರುವುದು ಬರಿಯ ಬೂದುಬಣ್ಣ. ಅದರ ಸಂಖ್ಯೆ 188ರ ಹತ್ತಿರವಿದ್ದರೆ ತಂತ್ರಾಂಶ ಬೆಳಕನ್ನು ಕೂಡುತ್ತಿದೆ. 128ರ ಹತ್ತಿರವಿದ್ದರೆ ಅಂಕಿಯನ್ನು ಕೂಡುತ್ತಿದೆ. ಮೂಲದ ಹಾಸನ್ನೂ ಈ ಬೂದುಬಣ್ಣವನ್ನೂ ಪರದೆಯ ಮೇಲೆ ಪೂರ್ಣ ಅಳತೆಯಲ್ಲಿ ಅಕ್ಕಪಕ್ಕ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಯಾವುದು ಸರಿಯೆಂಬುದನ್ನು ಕಣ್ಣೇ ಹೇಳುವುದು. ಪಿ.ಯು.ಸಿ.ಯ ಪ್ರಯೋಗಶಾಲೆಯಲ್ಲಿ ಕಾಸು ಖರ್ಚಿಲ್ಲದೆ ಮಾಡಿಸಬಹುದಾದ ಪ್ರಯೋಗವಿದು. ಪಠ್ಯಪಟ್ಟಿಯಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ನಮ್ಮ ಸಹೋದ್ಯೋಗಿಗಳು ಇದನ್ನು ಬಿಡಬಾರದೆಂದು ವಿನಂತಿ.

ಬಣ್ಣದ ವಿಷಯವಾಗಿ ಒಂದೇ ಮಾತು. ಎಸ್‌ಆರ್‌ಜಿಬಿಗಿಂತ ವಿಶಾಲವಾದ ಬಣ್ಣದ ಪದ್ಧತಿಯಲ್ಲಿ ಉಳಿಸಿದ ಚಿತ್ರವನ್ನು, ಆ ಪದ್ಧತಿಯ ಗುರುತನ್ನು ಲೆಕ್ಕಿಸದ ಪರದೆಯಲ್ಲಿ ತೋರಿಸಿದರೆ ಮುತ್ತುಗದ ಹೂವು ಕೂಡ ಮಾಸಲಾಗಿ ಕಾಣುತ್ತದೆ. ಕಳುಹಿಸುವ ಮುನ್ನ ಎಸ್‌ಆರ್‌ಜಿಬಿಗೆ ಪರಿವರ್ತಿಸಿದರೆ ಆಯಿತು.

ಕಿರಿದಾದ ಮೇಲೆ ಅಂಚುಗಳು ಸ್ವಲ್ಪ ಮೆತ್ತಗಾಗುವುದರಿಂದ ತುಸು ಮೊನಚುಗೊಳಿಸುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಕಟ್ಟಕಡೆಗೆ, ಅಂತಿಮ ಅಳತೆಯಲ್ಲಿ ಮಾತ್ರ ಮಾಡತಕ್ಕದ್ದು. ಮೊನಚುಗೊಳಿಸುವುದೆಂದರೆ ಅಂಚಿನ ಕಪ್ಪು ಕಡೆಯನ್ನು ಇನ್ನಷ್ಟು ಕಪ್ಪಾಗಿಯೂ ಬಿಳಿಯ ಕಡೆಯನ್ನು ಇನ್ನಷ್ಟು ಬಿಳಿಯಾಗಿಯೂ ಮಾಡುವುದೇ ಹೊರತು ಹೊಸ ವಿವರವನ್ನು ತರುವುದಲ್ಲ. ಹಕ್ಕಿಯ ಸುತ್ತ ದೇವರ ಪಟದಲ್ಲಿರುವಂತೆ ಪ್ರಭಾವಳಿ ಮೂಡಿದರೆ ಅತಿಯಾಯಿತೆಂದು ತಿಳಿಯಬಹುದು.

ಇಷ್ಟಾದ ಮೇಲೆ ಫೈಲಿನ ತೂಕ. 1620×1080 ಮನೆಗಳಿಗೆ ಮೂರು ಮೂರು ಸಂಖ್ಯೆಗಳಂತೆ 52 ಲಕ್ಷಕ್ಕೂ ಹೆಚ್ಚು ಬೈಟುಗಳಾಗುತ್ತವೆ, ಎಂದರೆ 5 ಎಂಬಿಗೂ ಮೇಲೆ. ಇದನ್ನು 2 ಎಂಬಿಯೊಳಗೆ ಅಡಕಗೊಳಿಸುವುದು 1992ರಲ್ಲಿ ಮಾನಕವಾದ ಜೆಪೆಗ್ ಪದ್ಧತಿ. ಇದರ ಹೃದಯದಲ್ಲಿರುವ ಗಣಿತ ನಮ್ಮ ನಾಡಿನವರೊಬ್ಬರ ಕೊಡುಗೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆವು. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ತೆರಳಿದ ನಾಸಿರ್ ಅಹಮದ್ ಅವರು 1972ರಲ್ಲಿ ಕೊಸೈನ್ ತರಂಗಗಳನ್ನಾಧರಿಸಿದ ಒಂದು ಪರಿವರ್ತನೆಯ ಅಧ್ಯಯನಕ್ಕೆ ಧನಸಹಾಯ ಕೋರಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಅವರು ಕೆಲಸ ಬಿಡಲಿಲ್ಲ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯಾರು ಜೆಪೆಗ್ ಚಿತ್ರವನ್ನು ತೆರೆದರೂ ಆ ಕೊಸೈನುಗಳು ದುಡಿಯುತ್ತವೆ.

ಅದರ ಬಗೆ ಹೀಗೆ. ಚಿತ್ರವನ್ನು 8×8 ಪಿಕ್ಸೆಲ್ಲಿನ ಬಿಲ್ಲೆಗಳಾಗಿ ಕತ್ತರಿಸಿ, ಒಂದೊಂದು ಬಿಲ್ಲೆಯ 64 ಸಂಖ್ಯೆಗಳನ್ನು 64 ಕೊಸೈನ್ ವಿನ್ಯಾಸಗಳ ಮಿಶ್ರಣವಾಗಿ ಬರೆಯುತ್ತಾರೆ. ವೀಣೆಯ ಒಂದು ನಾದವನ್ನು ಮೂಲಸ್ವರ, ಉಪಸ್ವರಗಳಾಗಿ ಬಿಡಿಸಿದಂತೆಯೇ ಇದು. ಈ ಹಂತದಲ್ಲಿ ಏನೂ ಕಳೆದುಹೋಗದು. ಬಳಿಕ, ಕಣ್ಣಿಗೆ ಅಷ್ಟಾಗಿ ಕಾಣದ ನವುರಾದ ವಿನ್ಯಾಸಗಳ ಪ್ರಮಾಣಗಳನ್ನು ಒರಟಾಗಿ ಪೂರ್ಣಾಂಕಕ್ಕೆ ತರುತ್ತಾರೆ. ಹಲವು ಸೊನ್ನೆಯೇ ಆಗಿಬಿಡುತ್ತವೆ. ನಷ್ಟವಾಗುವುದು ಇಲ್ಲಿ. ಹೀಗೆ ಕಳೆದುದು ಮರಳಿ ಬರುವುದಿಲ್ಲ. ಜೆಪೆಗ್ ಚಿತ್ರವನ್ನು ತೆರೆದು, ಅಂಚು ಕತ್ತರಿಸಿ ಉಳಿಸಿ, ಮತ್ತೆ ತೆರೆದು ತಿದ್ದಿ ಉಳಿಸಿದರೆ ಬಿಲ್ಲೆಗಳ ಗಡಿಗಳು ಬೇರೆಯಾಗುವುದರಿಂದ ಪ್ರತಿ ಸಲವೂ ಹೊಸ ನಷ್ಟ. ಆದುದರಿಂದ ಎಲ್ಲ ಕೆಲಸವನ್ನೂ ಮೂಲದ ಪ್ರತಿಯ ಮೇಲೆ ಮುಗಿಸಿಕೊಂಡು ಜೆಪೆಗ್ ಆಗಿ ಉಳಿಸುವುದನ್ನು ಕಡೆಯಲ್ಲಿ ಒಮ್ಮೆ ಮಾತ್ರ ಮಾಡತಕ್ಕದ್ದು. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿ ಅಲ್ಲಿಂದ ಇಳಿಸಿಕೊಂಡ ಪ್ರತಿಯನ್ನು ಸ್ಪರ್ಧೆಗೆ ಕೊಡುವವರನ್ನು ಕಂಡರೆ ನಮಗೆ ಮರುಕವಾಗುತ್ತದೆ. ಅದು ಆಗಲೇ ಬೇರೆಯವರ ಕೈಯಲ್ಲಿ ಒಮ್ಮೆ ಕಿರಿದಾಗಿ, ಒಮ್ಮೆ ಅಡಕವಾಗಿ ಬಂದಿರುತ್ತದೆ. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಫೈಲು ಇದ್ದಂತೆಯೇ ತಲಪುವುದು.

ಇದುವರೆಗೆ ವಿದ್ಯಾರ್ಥಿಗಳಿಗೆ ಹೇಳಿದ್ದಾಯಿತು. ನಿಯಮ ಬರೆಯುವವರಿಗೂ ಎರಡು ಮಾತು ಹೇಳದೆ ಬಿಟ್ಟರೆ ಪಕ್ಷಪಾತವಾದೀತು.

‘ಫೈಲು 1 ಎಂಬಿಗಿಂತ ಕಡಮೆ ಇರಬಾರದು’ ಎಂಬ ನಿಯಮ ಕೆಲವೆಡೆ ಕಾಣುತ್ತದೆ. ತೂಕ ಹೆಚ್ಚಿದಷ್ಟೂ ಗುಣ ಹೆಚ್ಚೆಂಬ ಈ ನಂಬಿಕೆ ಕುಂಬಳಕಾಯಿಗೂ ಅಷ್ಟಾಗಿ ಹೊಂದದು. ಜೆಪೆಗ್ ಫೈಲಿನ ತೂಕ ಚಿತ್ರದಲ್ಲಿ ಏನಿದೆ ಎಂಬುದನ್ನು ಅವಲಂಬಿಸಿದೆ. ಹುಲ್ಲುಗಾವಲಿನ ಚಿತ್ರದಲ್ಲಿ ನವುರಾದ ವಿನ್ಯಾಸಗಳು ಹೇರಳ, ಫೈಲು ದೊಡ್ಡದು. ಮಂಜು ಮುಸುಕಿದ ನಂದಿಬೆಟ್ಟದ ಬೆಳಗಿನಲ್ಲಿ ಅವು ವಿರಳ, ಅದೇ ಅಳತೆಯ, ಅದೇ ಗುಣದ ಫೈಲು ತೀರ ಸಣ್ಣದು. ಅಂಥ ನಿಯಮಕ್ಕೆ ತಲೆಬಾಗಿ ಮಂಜಿನ ಮೇಲೆ ಸುಳ್ಳು ಕಾಳುಗಳನ್ನು ಎರಚಬೇಕೇ?

‘300 ಡಿಪಿಐ ಇರತಕ್ಕದ್ದು’ ಎಂಬುದು ಇನ್ನೊಂದು. ಡಿಪಿಐ ಎಂದರೆ ಅಂಗುಲಕ್ಕೆ ಇಷ್ಟು ಚುಕ್ಕೆಗಳು ಎಂದರ್ಥ. ಪರದೆಯ ಮೇಲೆ ತೋರಿಸುವ ಚಿತ್ರಕ್ಕೆ ಅಂಗುಲವೆಲ್ಲಿಯದು? ಫೈಲಿನೊಳಗೆ ಅದು ಒಂದು ಚೀಟಿ ಮಾತ್ರ; 72 ಎಂದಿರುವುದನ್ನು 300 ಎಂದು ತಿದ್ದಿದರೆ ಒಂದು ಪಿಕ್ಸೆಲ್ಲೂ ಕದಲುವುದಿಲ್ಲ. ಮುದ್ರಣದಲ್ಲಿ ಈ ಸಂಖ್ಯೆಗೆ ಅರ್ಥವುಂಟು, ಆ ಅರ್ಥ ಕಣ್ಣಿನಿಂದ ಬಂದುದು. ಆರೋಗ್ಯವಂತ ಕಣ್ಣು ಒಂದು ಕಲೆಯಷ್ಟು, ಎಂದರೆ ಅಂಶದ ಅರುವತ್ತನೆಯ ಒಂದು ಪಾಲಿನಷ್ಟು ಕೋನವನ್ನು ಬಿಡಿಸಿ ನೋಡಬಲ್ಲುದು. 30 ಸೆಂಟಿಮೀಟರ್ ದೂರದಲ್ಲಿ ಹಿಡಿದ ಕಾಗದದ ಮೇಲೆ ಇದು 0.087 ಮಿಲಿಮೀಟರ್, ಅಂಗುಲಕ್ಕೆ 290 ಚುಕ್ಕೆಗಳು. ಗೋಡೆಗೆ ತೂಗುಹಾಕಿ ಒಂದು ಮೀಟರ್ ದೂರದಿಂದ ನೋಡುವ ಚಿತ್ರಕ್ಕೆ 90 ಸಾಕು. 12×8 ಅಂಗುಲದ ಮುದ್ರಣ ಬೇಕಾಗಿದ್ದರೆ ‘3600×2400 ಪಿಕ್ಸೆಲ್’ ಎಂದು ಬರೆಯಲಿ. ಯಾರಿಗೂ ಸಂದೇಹ ಉಳಿಯುವುದಿಲ್ಲ.

ಮೂರನೆಯದು ನ್ಯಾಯದ ಪ್ರಶ್ನೆ. 1920×1080 ಎಂಬ ಅಡ್ಡ ಚೌಕಟ್ಟಿನಲ್ಲಿ ಅಡ್ಡ ಚಿತ್ರಕ್ಕೆ 1620×1080, ಎಂದರೆ 17,49,600 ಪಿಕ್ಸೆಲ್ ದೊರೆಯುತ್ತವೆಂದು ಕಂಡೆವು. ಅದೇ ಕ್ಯಾಮರಾವನ್ನು ನೆಟ್ಟಗೆ ತಿರುಗಿಸಿ ಜೋಗದ ಧಾರೆಯನ್ನೋ ಅಡಿಕೆಮರವನ್ನೋ ತೆಗೆದರೆ ಆ ಚಿತ್ರಕ್ಕೆ ದೊರೆಯುವುದು 720×1080, ಬರಿಯ 7,77,600. ಅಡ್ಡ ಚಿತ್ರಕ್ಕೆ ಸಿಕ್ಕುವುದು ಇದರ ಎರಡೂಕಾಲು ಪಟ್ಟು. ಸ್ಪರ್ಧೆ ಆರಂಭವಾಗುವ ಮೊದಲೇ ನೀಟಚಿತ್ರದ ಒಂದು ಕೈ ಕಟ್ಟಿದಂತಾಯಿತಲ್ಲವೇ? ಸಭಾಂಗಣದ ಪ್ರೊಜೆಕ್ಟರಿನ ಅಳತೆಯೇ ಅದು ಎಂಬ ಸಮಾಧಾನವುಂಟು. ಪ್ರೊಜೆಕ್ಟರಿನಲ್ಲಿಯೇ ತೀರ್ಪು ನಡೆಯುವ ಕಡೆ ಅದನ್ನು ಒಪ್ಪಬಹುದು. ತೀರ್ಪುಗಾರರು ತಮ್ಮ ತಮ್ಮ ಮನೆಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಬೇಕಾದೆಡೆ ಹಿಗ್ಗಿಸಿ ನೋಡುವ ಸ್ಪರ್ಧೆಗಳಲ್ಲಿಯೂ ಅದೇ ಚೌಕಟ್ಟನ್ನು ಹೇರುವುದಕ್ಕೆ ನಮಗೆ ಕಾರಣ ತೋರುವುದಿಲ್ಲ. ‘ಉದ್ದನೆಯ ಬದಿ 1920 ಮೀರಬಾರದು’ ಎಂದರೆ ಎರಡು ಬಗೆಯ ಚಿತ್ರಗಳಿಗೂ ಸಮಪಾಲು.

ಕಿರಿದುಗೊಳಿಸುವ ಮಾತಾಯಿತು, ಹಿಗ್ಗಿಸುವ ಚಪಲದ ವಿಷಯ ಇದಕ್ಕಿಂತ ಗಂಭೀರವಾದುದು. ದೂರದ ಹಕ್ಕಿಯ ಸುತ್ತಲಿನದನ್ನೆಲ್ಲ ಕತ್ತರಿಸಿ ತೆಗೆದಾಗ 900×600 ಪಿಕ್ಸೆಲ್ ಉಳಿಯಿತೆನ್ನಿ. ಅದನ್ನು 1620×1080ಕ್ಕೆ ಹಿಗ್ಗಿಸಿದರೆ ಮನೆಗಳ ಸಂಖ್ಯೆ 5,40,000ದಿಂದ 17,49,600ಕ್ಕೆ ಏರುವುದು. ಏರಿದ 12 ಲಕ್ಷವೂ ನೆರೆಮನೆಗಳಿಂದ ಕಡ ತಂದದ್ದು. ಇದರಿಂದ ಕೆಡುಕೇನೂ ಇಲ್ಲ, ಒಳಿತೂ ಇಲ್ಲ. ಈಚಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಹೀಗಲ್ಲ. ಅವು ತಾವು ಹಿಂದೆ ಕಂಡ ಅಸಂಖ್ಯ ಚಿತ್ರಗಳ ನೆನಪಿನಿಂದ ಗರಿಗಳನ್ನೂ ಕಣ್ಣಿನ ಹೊಳಪನ್ನೂ ರಚಿಸಿ ತುಂಬುತ್ತವೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಸಂಶೋಧಕರು ಮುಖಗಳನ್ನು ಹೀಗೆ ಹಿಗ್ಗಿಸುವ ‘ಪಲ್ಸ್’ ಎಂಬ ವಿಧಾನವನ್ನು ಪ್ರಕಟಿಸಿದಾಗ, ಬರಾಕ್ ಒಬಾಮಾ ಅವರ ತೀರ ಕಿರಿದಾದ ಚಿತ್ರವೊಂದನ್ನು ಯಾರೋ ಅದಕ್ಕೆ ಉಣಿಸಿದರು. ಹೊರಬಂದದ್ದು ಬಿಳಿಯ ಜನಾಂಗದವನೊಬ್ಬನ ಮುಖ. ಚಿತ್ರ ಸ್ಪಷ್ಟವಾಗಿತ್ತು, ಸುಂದರವೂ ಆಗಿತ್ತು. ವ್ಯಕ್ತಿ ಮಾತ್ರ ಬೇರೆ. ಹಕ್ಕಿಯ ಗರಿಯ ವಿಷಯದಲ್ಲಿ ಇಂಥ ಮೋಸ ನಡೆದರೆ ಕಂಡುಹಿಡಿಯುವವರು ಎಷ್ಟು ಮಂದಿ? ರೆಕ್ಕೆಯ ಒಂದು ಪಟ್ಟೆಯಿಂದ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸುವ ಪಕ್ಷಿಶಾಸ್ತ್ರದಲ್ಲಿ ಇದು ಆಟದ ಮಾತಲ್ಲ.

ಹಾಗಾದರೆ ತಿದ್ದುಪಡಿಗೆ ಗಡಿ ಎಲ್ಲಿ? ಕತ್ತಲೆಕೋಣೆಯ ಕಾಲದಲ್ಲಿಯೂ ಚಿತ್ರದ ಒಂದು ಮೂಲೆಯನ್ನು ತಿಳಿಗೊಳಿಸಿ ಇನ್ನೊಂದನ್ನು ಗಾಢಗೊಳಿಸುತ್ತಿದ್ದರು. ಅದನ್ನು ಯಾರೂ ಅಪ್ರಾಮಾಣಿಕವೆನ್ನಲಿಲ್ಲ. ನಮಗೆ ತೋರುವ ಗಡಿ ಇದು: ಹೊಸ ಚಿತ್ರದ ಪ್ರತಿ ಸಂಖ್ಯೆಯೂ ಆ ಕ್ಷಣದಲ್ಲಿ ನಿಮ್ಮ ಮಸೂರದ ಮೂಲಕ ಬಂದ ಬೆಳಕಿನಿಂದಲೇ ಲೆಕ್ಕಹಾಕಿದುದಾಗಿದ್ದರೆ ಅದು ನಿಮ್ಮ ಚಿತ್ರ. ಬೇರೆಲ್ಲಿಂದಲೋ ಬಂದುದಾಗಿದ್ದರೆ ಅದು ಚಿತ್ರಕಲೆ. ಅದಕ್ಕೆ ಬೇರೆ ಸ್ಪರ್ಧೆ ಇರಲಿ. ಈ ಗಡಿ ಎಲ್ಲ ಸಂದರ್ಭಗಳಿಗೂ ಸಾಲದು ಎಂಬ ಆಕ್ಷೇಪವನ್ನು ನಿರೀಕ್ಷಿಸುತ್ತೇವೆ. ಕಸದ ಡಬ್ಬಿಯೊಂದನ್ನು ಪಕ್ಕದ ಹುಲ್ಲಿನ ಪಿಕ್ಸೆಲ್ಲುಗಳಿಂದ ಮುಚ್ಚಿದರೆ ಬೆಳಕೇನೋ ಅದೇ ಮಸೂರದ್ದು, ಆದರೂ ಚಿತ್ರ ಸುಳ್ಳಾಯಿತು. ಸರಿ, ಬೆಳಕು ಬಿದ್ದ ಸ್ಥಳದಲ್ಲಿಯೇ ಇರಬೇಕು ಎಂದು ಸೇರಿಸಿಕೊಳ್ಳೋಣ.

ಇದನ್ನು ಪರೀಕ್ಷಿಸುವ ದಾರಿ ಒಂದೇ, ಮೂಲ ಫೈಲನ್ನು ತರಿಸಿ ನೋಡುವುದು. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಉಪಾಂತ್ಯದ ಸುತ್ತಿಗೆ ಬಂದ ಚಿತ್ರಗಳನ್ನು ಮೂಲದೊಡನೆ ಹೋಲಿಸಿದಾಗ ಐದರಲ್ಲೊಂದು ಪಾಲು ಅನರ್ಹವಾದವು. ಅವು ಶಾಲಾ ಬಾಲಕರ ಚಿತ್ರಗಳಲ್ಲ, ವೃತ್ತಿನಿರತರವು. ನಮ್ಮ ಕಾಲೇಜು ಸ್ಪರ್ಧೆಗಳ ವ್ಯವಸ್ಥಾಪಕರು ಕಡೆಯ ಸುತ್ತಿನ ಹತ್ತು ಹನ್ನೆರಡು ಮಂದಿಯಿಂದಾದರೂ ಮೂಲವನ್ನು ಕೇಳಬೇಕು, ಕೇಳುವುದಾಗಿ ಕರೆಯಲ್ಲಿಯೇ ತಿಳಿಸಬೇಕು. ವಿದ್ಯಾರ್ಥಿಗಳು ಚಿತ್ರವನ್ನು ಕಿರಿದುಗೊಳಿಸಿ ಉಳಿಸುವಾಗ ಹೊಸ ಹೆಸರಿನಿಂದ ಉಳಿಸಲಿ; ಅದೇ ಹೆಸರಿನಿಂದ ಉಳಿಸಿದರೆ 6000×4000ದ ಮೇಲೆ 1620×1080 ಕುಳಿತುಬಿಡುತ್ತದೆ, ಆಮೇಲೆ ಯಾವ ಗಣಿತವೂ ಆ 2 ಕೋಟಿ 22 ಲಕ್ಷ ಮನೆಗಳನ್ನು ಮರಳಿ ಕಟ್ಟಿಕೊಡಲಾರದು. ಮೊಬೈಲಿನಲ್ಲಿ ಜಾಗ ಸಾಲದೆಂದು ಮೂಲವನ್ನು ಅಳಿಸುವ ಮುನ್ನ ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಲು ಐದು ನಿಮಿಷ ಸಾಕು.